ತಗಡಿನ ಶೆಡ್ಡಿಗೆ ಇಲಿ, ಹುಳು ನುಗ್ಗದ ಹಾಗೆ ಸಂದು ಮುಚ್ಚುವುದು ಹೇಗೆ?

ಹೋದ ಬೇಸಿಗೆಯಲ್ಲಿ ಡ್ರಿಪ್ ಪೈಪಿನ ಸುರುಳಿ ಬಿಚ್ಚಿ, ಸಾಲಿಗೆ ಎಳೆದು ನೀರು ಬಿಟ್ಟೆ. ಒಂದೇ ಸುರುಳಿಯಲ್ಲಿ ಹನ್ನೊಂದು ಕಡೆ ಕಾರಂಜಿ. ಎರಡನೇ ಸುರುಳಿ ತರಲು ಶೆಡ್ಡಿಗೆ ಹೋಗಿ ಎತ್ತಿದರೆ, ನಡುವೆ ಒಂದು ಗೂಡು. ಗೋಣಿ ನಾರು, ತೆಂಗಿನ ಜುಂಗು, ಬೀಜದ ಪ್ಯಾಕೆಟ್ಟಿನ ಚೂರು ಎಲ್ಲ ಸೇರಿಸಿ ಚೆನ್ನಾಗಿ ಹೆಣೆದಿತ್ತು. ಒಳಗೆ ಕಣ್ಣು ಬಿಡದ ಆರು ಮರಿ.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಶೆಡ್ಡು ಇಪ್ಪತ್ತಡಿ ಉದ್ದ, ಹನ್ನೆರಡಡಿ ಅಗಲ. ಕಬ್ಬಿಣದ ಆ್ಯಂಗಲ್ಲಿನ ಚೌಕಟ್ಟು, ಸುತ್ತ ಮತ್ತು ಮೇಲೆ ಬಣ್ಣದ ಶೀಟು. ಒಳಗೆ ರಾಗಿ ಮೂಟೆ, ಬೂಸಾ, ಹಿಂಡಿ, ಸ್ಪ್ರೇಯರ್, ಪೈಪು, ಅಟ್ಟದ ಮೇಲೆ ಒಂದಷ್ಟು ಕೊಬ್ಬರಿ. ಕಟ್ಟಿಸಿ ಆಗ ಎರಡು ವರ್ಷವೂ ಆಗಿರಲಿಲ್ಲ. ಕಟ್ಟುವಾಗ ವೆಲ್ಡಿಂಗ್ ಮಾಡುತ್ತಿದ್ದ ಹುಡುಗನನ್ನು ಕೇಳಿದ್ದೆ, "ಏನಪ್ಪಾ, ಕೆಳಗೆ ಇಷ್ಟು ಸಂದು ಬಿಟ್ಟಿದ್ದೀಯಲ್ಲ?" ಅಂತ. "ಅಣ್ಣಾ, ತಗಡು ಅಲ್ವಾ, ಇಲಿ ಕಡಿಯಲ್ಲ ಬಿಡಿ" ಅಂದ.

ಅವನು ಹೇಳಿದ್ದು ನಿಜ. ಇಲಿ ತಗಡು ಕಡಿಯಲಿಲ್ಲ. ಕಡಿಯುವ ಅಗತ್ಯವೇ ಅದಕ್ಕೆ ಬೀಳಲಿಲ್ಲ. ತಗಡಿನ ಶೆಡ್ಡಿನಲ್ಲಿ ತೂತಾಗುವುದು ತಗಡಲ್ಲ, ತಗಡು ಇನ್ನೊಂದಕ್ಕೆ ಸೇರುವ ಜಾಗ. ನೆಲಕ್ಕೆ ಸೇರುವಲ್ಲಿ, ಸೂರಿಗೆ ಸೇರುವಲ್ಲಿ, ಬಾಗಿಲಿಗೆ ಸೇರುವಲ್ಲಿ, ವೈರಿಗೆ ಸೇರುವಲ್ಲಿ. ಈ ನಾಲ್ಕು ಕಡೆ ಕೆಲಸ ಮಾಡಿದರೆ ಮುಗಿಯಿತು. ಉಳಿದ ಗೋಡೆ ತನ್ನ ಪಾಡಿಗೆ ತಾನಿರುತ್ತದೆ.

ಮೊದಲು ಬಾಗಿಲು ಹಾಕಿಕೊಂಡು ಕೂತುಕೊಳ್ಳಿ

ಅಂಗಡಿಗೆ ಓಡಬೇಡಿ. ಮಟಮಟ ಮಧ್ಯಾಹ್ನ ಶೆಡ್ಡಿನೊಳಗೆ ಹೋಗಿ ಬಾಗಿಲು ಎಳೆದುಕೊಂಡು ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಸೆಕೆಗೆ ಬೆವರು ಇಳಿಯುತ್ತದೆ, ಸಹಿಸಿಕೊಳ್ಳಿ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಎಲ್ಲೆಲ್ಲಿಂದ ಬೆಳಕು ಬರುತ್ತಿದೆ ಎಂಬುದು ಕಾಣತೊಡಗುತ್ತದೆ. ಸೂರಿನ ಉದ್ದಕ್ಕೂ ಅರ್ಧಚಂದ್ರದ ಸಾಲು, ಮೂಲೆಯಲ್ಲಿ ಉದ್ದನೆ ಗೆರೆ, ಸ್ಕ್ರೂ ಬಿದ್ದುಹೋದ ಕಡೆ ನಕ್ಷತ್ರದಂಥ ಚುಕ್ಕಿ. ಒಂದೊಂದರ ಪಕ್ಕವೂ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನನ್ನ ಶೆಡ್ಡಿನಲ್ಲಿ ನಲವತ್ತು ದಾಟಿದ ಮೇಲೆ ಎಣಿಸುವುದು ಬಿಟ್ಟೆ.

ನೆಲದ ಹತ್ತಿರದ ಸಂದು ಹಗಲಲ್ಲಿ ಸರಿಯಾಗಿ ಕಾಣುವುದಿಲ್ಲ. ಹೊರಗೆ ಹುಲ್ಲು, ಮಣ್ಣು ಅಡ್ಡ ಇರುತ್ತದೆ. ಅದಕ್ಕೆ ರಾತ್ರಿ ಒಬ್ಬರು ಹೊರಗಿನಿಂದ ಟಾರ್ಚನ್ನು ಗೋಡೆಯ ಬುಡಕ್ಕೆ ಹಿಡಿದು ನಿಧಾನವಾಗಿ ಸುತ್ತು ಬರಲಿ, ನೀವು ಒಳಗಿಂದ ನೋಡಿ.

ಯಾವ ಸಂದು ದೊಡ್ಡದು, ಯಾವುದು ಬಿಟ್ಟರೂ ನಡೆಯುತ್ತದೆ? ಕೈಯಲ್ಲಿ ಒಂದು ಪೆನ್ಸಿಲ್ ಇಟ್ಟುಕೊಳ್ಳಿ. ಪೆನ್ಸಿಲ್ ಹೋಗುವ ಸಂದಿನಲ್ಲಿ, ಅಂದರೆ ಸುಮಾರು 6 ಮಿಲಿಮೀಟರ್ ಇದ್ದರೂ ಸಾಕು, ಚಿಕ್ಕ ಇಲಿ ನುಸುಳುತ್ತದೆ. ತಲೆ ತೂರಿತೆಂದರೆ ಮೈ ತಾನಾಗಿ ತೂರುತ್ತದೆ. ಅರ್ಧ ಇಂಚು ಇದ್ದರೆ ದೊಡ್ಡ ಜಾತಿಯ ಇಲಿಯ ಮರಿ ಬರುತ್ತದೆ, ಬಂದು ಒಳಗೇ ಬೆಳೆಯುತ್ತದೆ. ಹಾಗಾಗಿ ಪೆನ್ಸಿಲ್ ಹೋಗುವ ಯಾವ ಸಂದಿಗೂ ರಿಯಾಯಿತಿ ಇಲ್ಲ. ಅದಕ್ಕಿಂತ ಚಿಕ್ಕದ್ದು ಇರುವೆ, ಜಿರಳೆಯ ಲೆಕ್ಕ. ಅದಕ್ಕೆ ಆಮೇಲೆ ಬರೋಣ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಕೆಲಸಕ್ಕೆ ಬಂತು. ರಾತ್ರಿ ಮಲಗುವ ಮುಂಚೆ ಗೋಡೆಯ ಬುಡದುದ್ದಕ್ಕೂ ಒಂದು ಗೇಣು ಅಗಲಕ್ಕೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ. ಬೆಳಗ್ಗೆ ಹೆಜ್ಜೆ ಗುರುತು, ನಡುವೆ ಬಾಲ ಎಳೆದ ಗೆರೆ, ಎಲ್ಲಿಂದ ಬಂತು ಎಲ್ಲಿಗೆ ಹೋಯಿತು ಎಲ್ಲ ಬರೆದಿಟ್ಟ ಹಾಗೆ ಇರುತ್ತದೆ. ಅಕ್ಕಿ ಹಿಟ್ಟು ಬೇಡ. ಅದನ್ನು ತಿನ್ನಲು ಇರುವೆ ಬಂದು ಗುರುತೆಲ್ಲ ಅಳಿಸುತ್ತವೆ. ಇಲಿ ದಿನವೂ ಒಂದೇ ದಾರಿ ಹಿಡಿಯುವುದರಿಂದ, ಆ ದಾರಿಯ ತಗಡಿನ ಮೇಲೆ ಅದರ ಮೈಯ ಜಿಡ್ಡು ತಾಗಿ ಕಪ್ಪು ಪಟ್ಟೆ ಬಿದ್ದಿರುತ್ತದೆ. ಆ ಪಟ್ಟೆ ಎಲ್ಲಿ ಮುಗಿಯುತ್ತದೋ ಅಲ್ಲೇ ಬಾಗಿಲು.

ಬರುತ್ತಿರುವವರು ಯಾರು?

ಇದು ಗೊತ್ತಾಗದೆ ಕೆಲಸ ಶುರು ಮಾಡಿದರೆ ದುಡ್ಡು ದಂಡ. ನಮ್ಮ ಕಡೆ ಮೂರು ಜಾತಿ ಮುಖ್ಯ. ಮನೆಯ ಚಿಕ್ಕ ಇಲಿ ಎಲ್ಲ ಸಣ್ಣ ಸಂದಿನಿಂದಲೂ ಬರುತ್ತದೆ. ಅದರ ಹಿಕ್ಕೆ ಅಕ್ಕಿ ಕಾಳಿಗಿಂತ ಚಿಕ್ಕದು, ತುದಿ ಚೂಪು. ಎರಡನೆಯದು ಮರ ಹತ್ತುವ ಇಲಿ, ಬಾಲ ಮೈಗಿಂತ ಉದ್ದ. ಇದು ತೆಂಗಿನ ಮರದ ತಲೆಯಲ್ಲೇ ಗೂಡು ಕಟ್ಟುತ್ತದೆ, ಎಳೆಗಾಯಿ ಕೊರೆದು ಬೀಳಿಸುತ್ತದೆ. ಶೆಡ್ಡಿಗೆ ಬರುವುದೂ ಮೇಲಿನಿಂದಲೇ. ಮೂರನೆಯವನು ಹೆಗ್ಗಣ. ಇವನು ಹತ್ತುವವನಲ್ಲ, ತೋಡುವವನು. ಗೋಡೆಯ ಬುಡದಲ್ಲಿ ಹೊಸ ಮಣ್ಣಿನ ಗುಪ್ಪೆ ಕಂಡರೆ ಇವನದೇ ಕೆಲಸ. ಇಂಗ್ಲಿಷಿನವರು ಇವನಿಗೆ ಬ್ಯಾಂಡಿಕೂಟ್ ಅನ್ನುತ್ತಾರಲ್ಲ, ಅದು ತೆಲುಗಿನ ಪಂದಿಕೊಕ್ಕು, ಅಂದರೆ ಹಂದಿ ಇಲಿ. ಸಾಕಿದವರಿಗೆ ಗೊತ್ತು ಹಂದಿ ನೆಲ ಹೇಗೆ ಅಗೆಯುತ್ತದೆ ಅಂತ. ಹೆಸರು ಇಟ್ಟವರು ಸರಿಯಾಗೇ ನೋಡಿದ್ದಾರೆ.

ಹಾಗಾದರೆ ಲೆಕ್ಕ ಸುಲಭ. ಚಿಕ್ಕ ಇಲಿಗೆ ಸಂದು, ಮರದ ಇಲಿಗೆ ಸೂರು, ಹೆಗ್ಗಣಕ್ಕೆ ನೆಲ.

ಉದ್ದ ಮೂತಿಯ, ಕಿಚಕಿಚ ಅನ್ನುವ, ಕೆಟ್ಟ ವಾಸನೆಯ ಮೂಗಿಲಿಯೂ ಕಣ್ಣಿಗೆ ಬೀಳಬಹುದು. ಅದು ಇಲಿಯ ಜಾತಿಯೇ ಅಲ್ಲ. ಅದರ ಮುಖ್ಯ ಆಹಾರ ಜಿರಳೆ, ಹುಳು. ವಾಸನೆ ಬಿಟ್ಟರೆ ಅದರಿಂದ ದೊಡ್ಡ ತೊಂದರೆ ಇಲ್ಲ. ಅದನ್ನು ಕೊಲ್ಲಬೇಡಿ.

ಬಿಲದಲ್ಲಿ ಹೆಗ್ಗಣ ಈಗಲೂ ಇದೆಯೋ ಇಲ್ಲವೋ ನೋಡಲು ಹಳೆಯ ಉಪಾಯವೇ ಸಾಕು. ಸಂಜೆ ಎಲ್ಲ ಬಿಲದ ಬಾಯಿಗೂ ಹಸಿಮಣ್ಣು ಮೆತ್ತಿ. ಬೆಳಗ್ಗೆ ಯಾವುದು ತೆರೆದಿದೆಯೋ ಅದರಲ್ಲಿ ವಾಸ ಇದೆ. ಕೈ ಮಾತ್ರ ಹಾಕಬೇಡಿ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆ ಅನ್ನುತ್ತಾರೆ, ಹೆಗ್ಗಣದ ಬಿಲಕ್ಕೂ ಅದೇ ಮಾತು. ಕೇರೆ ಹಾವಾದರೆ ಪರವಾಗಿಲ್ಲ, ವಿಷವಿಲ್ಲ, ಇಲಿ ತಿಂದು ಉಪಕಾರವನ್ನೇ ಮಾಡುತ್ತದೆ. ನಾಗರ ಹಾವೂ ಬರುವುದು ಅದೇ ಇಲಿಯ ಹಿಂದೆಯೇ. ನಿಜ ಹೇಳಬೇಕೆಂದರೆ ನಾನು ಕೊನೆಗೂ ಈ ಕೆಲಸಕ್ಕೆ ಇಳಿದದ್ದು ಪೈಪಿನ ದುಃಖಕ್ಕಲ್ಲ. ಬೂಸಾ ಚೀಲದ ಹಿಂದೆ ಒಂದು ದಿನ ಬುಸ್ ಅಂದದ್ದಕ್ಕೆ.

ಮುಚ್ಚುವ ಮುಂಚೆ ಖಾಲಿ ಮಾಡಿ

ಒಳಗಿರುವುದನ್ನು ಒಳಗೇ ಇಟ್ಟು ಮುಚ್ಚಿದರೆ ಎರಡರಲ್ಲಿ ಒಂದು. ಅದು ಹೊರಗೆ ಹೋಗಲು ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ, ಇಲ್ಲವೇ ಮೂಟೆ ಸಂದಿಯಲ್ಲಿ ಸತ್ತು ನಾರುತ್ತದೆ. ಹಾಗಾಗಿ ಸಾಮಾನು ಎಲ್ಲ ಹೊರಗೆ. ಒಂದೊಂದು ಚೀಲವನ್ನೂ ಕೊಡವಿ, ಪೈಪಿನ ಸುರುಳಿ ಬಿಚ್ಚಿ, ಹಳೆ ಟೈರು ತಿರುಗಿಸಿ ನೋಡಿ. ಉಳಿದದ್ದಕ್ಕೆ ಬೋನು ಇಡಿ. ಗೋಡೆಗೆ ತಾಗಿಸಿ ಇಡಬೇಕು, ನಡುಮನೆಯಲ್ಲಿ ಇಟ್ಟರೆ ಬೀಳುವುದಿಲ್ಲ. ಬೋಂಡದ ಚೂರಿಗಿಂತ ಸುಟ್ಟ ಕೊಬ್ಬರಿ ಚೂರಿಗೆ ನಮ್ಮಲ್ಲಿ ಬೇಗ ಬಿದ್ದವು.

ವಿಷ ಇಡಬೇಕೇ? ನನ್ನ ಮಟ್ಟಿಗೆ ಬೇಡ. ಕೆಲವು ಇಲಿ ಪೇಸ್ಟಿನಲ್ಲಿ ಹಳದಿ ರಂಜಕ ಇರುತ್ತದೆ. ಮನುಷ್ಯರ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷ ಇಲ್ಲ. ಮಕ್ಕಳು, ನಾಯಿ ಓಡಾಡುವ ಜಾಗದಲ್ಲಿ ಅದು ಇರಲೇಬಾರದು. ಇನ್ನು ಮೂಟೆಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. ತೇವ ತಾಗಿದರೆ ಅದರಿಂದ ಪ್ರಾಣ ತೆಗೆಯುವ ಅನಿಲ ಬರುತ್ತದೆ. ಅದನ್ನು ತರಬೇತಿ ಪಡೆದವರು ಬಿಟ್ಟು ಬೇರೆಯವರು ಬಳಸುವಂತಿಲ್ಲ. ಪಂಪ್‌ಸೆಟ್ಟಿಗೆ ಕರೆಂಟು ಬರಲಿ ಅಂತ ಶೆಡ್ಡಿನಲ್ಲೇ ಮಲಗುವವರು ಎಷ್ಟು ಜನ ಇಲ್ಲ? ಅಂಥ ಕಡೆ ಈ ಮಾತ್ರೆಯ ಸುದ್ದಿಯೇ ಬೇಡ.

ಕಸ ಗುಡಿಸುವಾಗ ಒಂದು ಎಚ್ಚರಿಕೆ. ಇಲಿಯ ಉಚ್ಚೆಯಿಂದ ಹರಡುವ ಇಲಿ ಜ್ವರ ನಮ್ಮ ಕಡೆ ಮಳೆಗಾಲದಲ್ಲಿ ಕೇಳಿಬರುವ ಕಾಯಿಲೆಯೇ. ಕೈಕಾಲಿನ ಗಾಯದಿಂದಲೂ ಅದು ಮೈಗೆ ಸೇರುತ್ತದೆ. ಒಣಗಿದ ಹಿಕ್ಕೆಯನ್ನು ಪೊರಕೆಯಲ್ಲಿ ಧೂಳೆಬ್ಬಿಸಿ ಗುಡಿಸಬೇಡಿ. ಮೊದಲು ಬ್ಲೀಚಿಂಗ್ ಪುಡಿ ಕಲಸಿದ ನೀರು ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಹಸಿಯಿರುವಾಗಲೇ ಬಾಚಿ ತೆಗೆಯಿರಿ. ಕೈಗೆ ರಬ್ಬರ್ ಗ್ಲೌಸು, ಕಾಲಿಗೆ ಬೂಟು, ಮೂಗಿಗೆ ಮಾಸ್ಕು.

ಅಂಗಡಿಯಲ್ಲಿ ಏನು ಕೇಳಬೇಕು

ಕಾಲು ಇಂಚಿನ ಕಣ್ಣಿನ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ, ವೆಲ್ಡ್ ಮೆಶ್ ಕೇಳಿ. ಅಂಗಡಿಯವರು ಕೋಳಿ ಮೆಶ್ ಕೊಡಲು ನೋಡುತ್ತಾರೆ, ಅಗ್ಗ. ಅದರ ಕಣ್ಣಿನಲ್ಲಿ ಚಿಕ್ಕ ಇಲಿ ನಡೆದುಕೊಂಡೇ ಹೋಗುತ್ತದೆ. ನೈಲಾನ್ ಸೊಳ್ಳೆ ಪರದೆಯನ್ನು ಒಂದು ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಫೋಮ್ ಸ್ಪ್ರೇ ಅಂತ ಒಂದು ಡಬ್ಬಿ ಬರುತ್ತದೆ, ಒತ್ತಿದರೆ ಉಬ್ಬಿ ಸಂದು ತುಂಬುತ್ತದೆ. ನೋಡಲು ಚೆಂದ. ಇಲಿಗೆ ಅದು ರಸ್ಕು ಇದ್ದ ಹಾಗೆ. ನಾನು ಮೊದಲು ಅದಕ್ಕೇ ದುಡ್ಡು ಸುರಿದೆ. ಮೂರನೇ ದಿನ ನೆಲದ ಮೇಲೆ ಹಳದಿ ಪುಡಿ ಉದುರಿತ್ತು. ಇಲಿಯ ಮುಂಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ, ಅದನ್ನು ಸವೆಸಲು ಏನಾದರೂ ಕಡಿಯುತ್ತಲೇ ಇರಬೇಕು. ಮರ, ಪ್ಲಾಸ್ಟಿಕ್ಕು, ರಬ್ಬರು, ಕೊನೆಗೆ ತೆಳು ಅಲ್ಯೂಮಿನಿಯಂ ಕೂಡ ಅದಕ್ಕೆ ಲೆಕ್ಕವಲ್ಲ.

ಸೀಲಂಟ್ ಟ್ಯೂಬ್ ತರುವಾಗ ನ್ಯೂಟ್ರಲ್ ಸಿಲಿಕಾನ್ ಅಂತ ಬರೆದದ್ದು ನೋಡಿ ತನ್ನಿ, ಇಲ್ಲವೇ ಪಿಯು (ಪಾಲಿಯುರೆಥೇನ್) ಸೀಲಂಟ್ ತನ್ನಿ. ಗಾಜಿಗೆ, ಬಾತ್‌ರೂಮಿಗೆ ಬಳಸುವ ಅಗ್ಗದ ಸಿಲಿಕಾನಿನಲ್ಲಿ ವಿನೆಗರ್ ತರಹ ಹುಳಿ ವಾಸನೆ ಇರುತ್ತದೆ. ಆ ಹುಳಿ ಜಿಐ ತಗಡಿನ ಸತುವನ್ನು ತಿಂದು ತುಕ್ಕು ಹಿಡಿಸುತ್ತದೆ.

ಇವಿಷ್ಟರ ಜೊತೆ ಆರು ಇಂಚು ಅಗಲದ ಸಪಾಟು ಜಿಐ ಪಟ್ಟಿ, ರಬ್ಬರ್ ವಾಷರ್ ಇರುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ, ತಗಡು ಕತ್ತರಿ, ಒಂದು ಸಣ್ಣ ಡಬ್ಬಿ ಜಿಂಕ್ ಪೇಂಟ್. ಗ್ರೈಂಡರ್ ಇದ್ದರೂ ಶೀಟಿನ ಹತ್ತಿರ ಹಿಡಿಯಬೇಡಿ. ಅದರ ಕಿಡಿ ಶೀಟಿನ ಬಣ್ಣದೊಳಗೆ ಕೂತು ಮುಂದಿನ ಮಳೆಗೆ ಕೆಂಪು ಚುಕ್ಕಿಯಾಗುತ್ತದೆ. ಕತ್ತರಿಸಿದ ಅಂಚಿಗೆಲ್ಲ ಜಿಂಕ್ ಪೇಂಟ್ ಒಂದು ಕೈ ಬಳಿಯಿರಿ.

ನೆಲದ ಅಂಚು: ಅರ್ಧ ಕೆಲಸ ಇಲ್ಲೇ

ಎಲ್ಲರೂ ಮಾಡುವ ತಪ್ಪು ಒಂದಿದೆ. ಮೇಸ್ತ್ರಿ ಕರೆಸಿ ಶೀಟಿನ ಬುಡಕ್ಕೆ ಸಿಮೆಂಟ್ ಗಾರೆ ಮೆತ್ತಿಸುವುದು. ಒಂದು ವರ್ಷ ಚೆನ್ನಾಗಿರುತ್ತದೆ. ಆದರೆ ಹಸಿ ಸಿಮೆಂಟಿನ ಕ್ಷಾರ ಶೀಟಿನ ಲೇಪನವನ್ನು ತಿನ್ನುತ್ತದೆ. ಗಾಲ್ವಾಲ್ಯೂಮ್ ಶೀಟಾದರೆ ಇನ್ನೂ ಬೇಗ, ಅದರ ಲೇಪನದಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ 55 ಪಾಲು ಅಲ್ಯೂಮಿನಿಯಂ ಇರುತ್ತದೆ, ಅಲ್ಯೂಮಿನಿಯಂಗೂ ಸಿಮೆಂಟಿಗೂ ಆಗಿಬರುವುದಿಲ್ಲ. ಜೊತೆಗೆ ಶೀಟು ಬಿಸಿಲಿಗೆ ಹಿಗ್ಗುತ್ತದೆ. ಇಪ್ಪತ್ತಡಿ ಉದ್ದಕ್ಕೆ, 30 ಡಿಗ್ರಿ ಬಿಸಿ ಏರಿದರೆ 2 ಮಿಲಿಮೀಟರಿಗಿಂತ ಜಾಸ್ತಿ. ರಾತ್ರಿ ಮತ್ತೆ ಕುಗ್ಗುತ್ತದೆ. ಶೀಟು ದಿನವೂ ಅಲುಗಾಡುತ್ತದೆ, ಗಾರೆ ಅಲುಗಾಡುವುದಿಲ್ಲ. ಬಿರುಕು ಬಿಡದೆ ಇನ್ನೇನು ಮಾಡುತ್ತದೆ?

ಶೆಡ್ಡಿಗೆ ಒಂದೆರಡು ವರಸೆ ಬ್ಲಾಕಿನ ಕಟ್ಟೆ ಇದ್ದು, ಅದರ ಮೇಲಿಂದ ಶೀಟು ಶುರುವಾಗಿದ್ದರೆ ನೀವು ಪುಣ್ಯವಂತರು. ಕಟ್ಟೆಯ ತಲೆ ಮತ್ತು ಶೀಟಿನ ನಡುವಿನ ಸಂದಿಗೆ ಒಳಗಿನಿಂದ ಮೆಶ್ ಪಟ್ಟಿ ಇಟ್ಟು, ಅದರ ಮೇಲೆ ಜಿಐ ಪಟ್ಟಿಯನ್ನು ಎಲ್ ಆಕಾರಕ್ಕೆ ಮಡಿಸಿ ಕೂರಿಸಿ. ಒಂದು ಕಾಲು ಕೆಳಗಿನ ಆ್ಯಂಗಲ್ಲಿಗೆ ಸ್ಕ್ರೂ, ಇನ್ನೊಂದು ಕಾಲು ಕಟ್ಟೆಗೆ ಫಿಶರ್ (ಗೋಡೆಯ ತೂತಿಗೆ ಹಾಕುವ ಪ್ಲಾಸ್ಟಿಕ್ ಬಿರಡೆ) ಹಾಕಿ ಸ್ಕ್ರೂ, ಒಂದೊಂದು ಅಡಿಗೆ ಒಂದು. ಪಟ್ಟಿಯ ಅಂಚಿಗೆ ಸೀಲಂಟ್ ಎಳೆಯಿರಿ.

ನನ್ನದು ಹಾಗಿರಲಿಲ್ಲ. ಶೀಟು ನೇರ ಮಣ್ಣಿಗೆ ಇಳಿದಿತ್ತು. ಅದಕ್ಕೆ ಸುತ್ತಲೂ ಒಂದಡಿ ಆಳದ, ಒಂದಡಿಗಿಂತ ಸ್ವಲ್ಪ ಜಾಸ್ತಿ ಅಗಲದ ಕಾಲುವೆ ತೋಡಿಸಬೇಕಾಯಿತು. ಎರಡೂವರೆ ಅಡಿ ಅಗಲದ ಮೆಶ್ ತಗೊಂಡು ಅದನ್ನು ಮೂರು ಭಾಗ ಮಾಡಿಕೊಳ್ಳಿ. ಮೇಲಿನ ಅರ್ಧ ಅಡಿ ಶೀಟಿಗೆ ತಾಗಿ ನಿಲ್ಲುತ್ತದೆ. ಅದರ ಮೇಲೆ ಜಿಐ ಪಟ್ಟಿ ಒತ್ತಿ ಸ್ಕ್ರೂ ಹೊಡೆಯಬೇಕು. ನಡುವಿನ ಒಂದಡಿ ನೇರ ಕೆಳಗೆ ಹೋಗುತ್ತದೆ. ಕೊನೆಯ ಒಂದಡಿ ಕಾಲುವೆಯ ತಳದಲ್ಲಿ ಹೊರಮುಖವಾಗಿ ಮಲಗುತ್ತದೆ. ಈ ಮಲಗಿದ ಭಾಗವೇ ಇಡೀ ಉಪಾಯ. ಹೆಗ್ಗಣ ಗೋಡೆಯ ಬುಡಕ್ಕೇ ಬಂದು ತೋಡಲು ಶುರು ಮಾಡುತ್ತದೆ, ಕೆಳಗೆ ತಂತಿ ಸಿಗುತ್ತದೆ, ಎಡಕ್ಕೆ ಹೋಗುತ್ತದೆ, ಬಲಕ್ಕೆ ಹೋಗುತ್ತದೆ. ಒಂದಡಿ ಹಿಂದೆ ಸರಿದು ಅಲ್ಲಿಂದ ತೋಡಿದರೆ ಆಗುತ್ತದೆ ಅನ್ನುವ ಬುದ್ಧಿ ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ದುಡ್ಡು ಉಳಿಸಬೇಕೆಂದರೆ ಮಣ್ಣಿನೊಳಗೆ ಹೋಗುವ ಭಾಗಕ್ಕೆ ಅರ್ಧ ಇಂಚಿನ ಕಣ್ಣಿನ, ಆದರೆ ದಪ್ಪ ತಂತಿಯ ಮೆಶ್ ಸಾಕು. ಮಣ್ಣಿನ ಮೇಲೆ ಮಾತ್ರ ಕಾಲು ಇಂಚೇ ಬೇಕು. ಎರಡು ತುಂಡು ಸೇರುವಲ್ಲಿ ನಾಲ್ಕು ಇಂಚು ಮೇಲೆ ಮೇಲೆ ಬರಲಿ, ಬೈಂಡಿಂಗ್ ತಂತಿಯಿಂದ ಹೊಲಿಯಿರಿ. ಮೂಲೆಯಲ್ಲಿ ಸೋಮಾರಿತನ ಮಾಡಬೇಡಿ. ನಾನು ಒಂದು ಮೂಲೆಯಲ್ಲಿ ಮಾಡಿದೆ, ಹೆಗ್ಗಣ ಅದೇ ಮೂಲೆಯನ್ನು ಹುಡುಕಿಕೊಂಡಿತು.

ಮೇಲೆ ಮಣ್ಣು ಮುಚ್ಚಿ, ದಿಮ್ಮಸು ಮಾಡಿ, ಗೋಡೆಯಿಂದ ಎರಡಡಿ ಅಗಲಕ್ಕೆ ಮುಕ್ಕಾಲು ಇಂಚಿನ ಜಲ್ಲಿ ಹರಡಿ. ಜಲ್ಲಿ ಕುಸಿಯುವುದರಿಂದ ಬಿಲ ನಿಲ್ಲುವುದಿಲ್ಲ, ಹುಲ್ಲೂ ಅಷ್ಟಾಗಿ ಬೆಳೆಯುವುದಿಲ್ಲ. ಮಳೆ ನೀರು ಮಣ್ಣು ಚಿಮ್ಮಿಸಿ ಶೀಟಿನ ಬುಡ ತುಕ್ಕು ಹಿಡಿಸುವುದೂ ತಪ್ಪುತ್ತದೆ.

ಸೂರಿನ ಅಲೆ ಅಲೆ ತೂತು

ಶೀಟಿನ ಅಲೆ ಸಪಾಟು ಆ್ಯಂಗಲ್ಲಿನ ಮೇಲೆ ಕೂತಾಗ ಪ್ರತಿ ಅಲೆಯ ಕೆಳಗೂ ಒಂದು ಗುಹೆ ಉಳಿಯುತ್ತದೆ. ಹಳೆ ಮಾದರಿಯ ದುಂಡನೆ ಅಲೆಯ ಶೀಟಿನಲ್ಲಿ ಅದು ಹೆಚ್ಚು ಕಡಿಮೆ ಮುಕ್ಕಾಲು ಇಂಚು ಎತ್ತರ, ಈಗಿನ ಚೌಕದ ಏರಿನ ಶೀಟಿನಲ್ಲಿ ಒಂದು ಇಂಚು ದಾಟುತ್ತದೆ. ಮರದ ಇಲಿ ಇಲ್ಲಿಂದಲೇ ಬರುವುದು. ಅಲೆಗೆ ಸರಿಯಾಗಿ ಕತ್ತರಿಸಿದ ಫೋಮ್ ಫಿಲ್ಲರ್ ಶೀಟ್ ಅಂಗಡಿಯಲ್ಲಿ ಸಿಗುತ್ತದೆ. ಧೂಳು, ಕಣಜ, ಮಳೆ ಎರಚಲಿಗೆ ಅದು ಒಳ್ಳೆಯದು. ಇಲಿಗೆ ಮತ್ತೆ ರಸ್ಕು. ಹಾಗಾಗಿ ಫೋಮಿನ ಹಿಂದೆ ಮೆಶ್ ಬೇಕೇ ಬೇಕು.

ನಾನು ಮಾಡಿದ್ದು ಹೀಗೆ. ಹಳೆ ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಶೀಟಿನ ಅಂಚಿಗೆ ಒತ್ತಿ ಹಿಡಿದು ಅಲೆಯನ್ನು ಪೆನ್ಸಿಲಿನಲ್ಲಿ ಎಳೆದುಕೊಂಡೆ. ಕತ್ತರಿಸಿದರೆ ಅಚ್ಚು ಸಿದ್ಧ. ಆರು ಇಂಚು ಅಗಲದ ಮೆಶ್ ಪಟ್ಟಿಯ ಮೇಲೆ ಆ ಅಚ್ಚಿಟ್ಟು, ಗೆರೆಗಿಂತ ಅರ್ಧ ಇಂಚು ಹೊರಗೆ ಕತ್ತರಿಸಬೇಕು. ಆ ಅರ್ಧ ಇಂಚಿನಲ್ಲಿ ತಂತಿಯ ತುದಿಗಳು ಬಾಚಣಿಗೆ ಹಲ್ಲಿನ ಹಾಗೆ ನಿಂತಿರುತ್ತವೆ. ಪಟ್ಟಿಯನ್ನು ಉದ್ದಕ್ಕೆ ಅರ್ಧ ಮಡಿಸಿ, ಕೆಳಗಿನ ಕಾಲನ್ನು ಆ್ಯಂಗಲ್ಲಿಗೆ ಸ್ಕ್ರೂ ಮಾಡಿ, ಮೇಲಿನ ಹಲ್ಲುಗಳನ್ನು ಹೆಬ್ಬೆರಳಿನಿಂದ ಅಲೆಯೊಳಗೆ ಒತ್ತಿದರೆ ಅವು ಸ್ವಲ್ಪ ಬಾಗಿ ಶೀಟಿಗೆ ಬಿಗಿಯಾಗಿ ಕೂರುತ್ತವೆ. ಗ್ಲೌಸು ಹಾಕಿಕೊಳ್ಳಿ, ಇಲ್ಲದಿದ್ದರೆ ಸಂಜೆ ಊಟಕ್ಕೆ ಕೂತಾಗ ಸಾರಿನ ಖಾರ ಬೆರಳಿಗೆ ಹತ್ತುತ್ತದೆ. ಇಪ್ಪತ್ತಡಿ ಸೂರಿಗೆ ನನಗೆ ಒಂದು ಬೆಳಗ್ಗೆ ಹಿಡಿಯಿತು. ಎರಡನೇ ಕಡೆಯದು ಅರ್ಧ ಹೊತ್ತಿನಲ್ಲಿ ಆಯಿತು, ಕೈ ಕುದುರಿತ್ತು.

ನೆತ್ತಿಯ ಮೇಲೆ ಎರಡು ಇಳಿಜಾರು ಸೇರುವ ಕಡೆಯೂ ಹೀಗೇ ಗುಹೆ ಇರುತ್ತದೆ, ಅಲ್ಲಿಗೂ ಅದೇ ಅಚ್ಚು. ಶೀಟಿನ ಮೇಲೆ ಶೀಟು ಬರುವ ಜೋಡಣೆಯಲ್ಲಿ ನಡುವೆ ಬಾಯಿ ಬಿಟ್ಟಿದ್ದರೆ ಒಂದೂವರೆ ಅಡಿಗೊಂದು ಸ್ಕ್ರೂ ಸೇರಿಸಿ. ಹಳೆ ಸ್ಕ್ರೂವಿನ ರಬ್ಬರ್ ವಾಷರ್ ಬಿಸಿಲಿಗೆ ಸೀಳಿ ಹೋಗಿದ್ದರೆ ಒಂದು ಸೈಜ್ ದಪ್ಪದ ಹೊಸ ಸ್ಕ್ರೂ ಹಾಕಿ. ತೀರಾ ಬಿಗಿಯಬೇಡಿ, ವಾಷರ್ ಪೂರ್ತಿ ಅಪ್ಪಚ್ಚಿಯಾದರೆ ಮತ್ತೆ ಅದೇ ಕಥೆ.

ಸೀಲಂಟ್ ಎಳೆಯುವುದು ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ. ಮಧ್ಯಾಹ್ನದ ಕಾದ ಶೀಟಿನ ಮೇಲೆ ಅದು ಗುಳ್ಳೆ ಏಳುತ್ತದೆ. ಇಬ್ಬನಿ ಇದ್ದರೆ ಒಣಬಟ್ಟೆಯಲ್ಲಿ ಒರೆಸಿ. ಸಂದು ಪೆನ್ಸಿಲಿಗಿಂತ ದಪ್ಪ ಇದ್ದರೆ ಬರೀ ಸೀಲಂಟ್ ತುಂಬಬೇಡಿ, ಮೊದಲು ಮೆಶ್ ತುಂಡು ಸುರುಳಿ ಸುತ್ತಿ ತುರುಕಿ, ಅದರ ಮೇಲೆ ಎಳೆಯಿರಿ.

ಬಾಗಿಲು

ಎಲ್ಲ ಮುಚ್ಚಿ ಬಾಗಿಲ ಕೆಳಗೆ ಮುಕ್ಕಾಲು ಇಂಚು ಬಿಡುವುದು ನಮ್ಮ ಸಂಪ್ರದಾಯ. ತಗಡಿನ ಬಾಗಿಲಾದರೆ ಕೆಳಗೆ ಹೊಸ್ತಿಲಿನಂತೆ ಒಂದು ಎಲ್ ಆ್ಯಂಗಲ್ಲನ್ನು ಕಾಂಕ್ರೀಟಿನಲ್ಲಿ ಕೂರಿಸಿ, ಬಾಗಿಲು ಅದಕ್ಕೆ ಬಂದು ತಾಗುವಂತೆ ಮಾಡಿ. ಶೀಟಿಗಲ್ಲ, ದಪ್ಪ ಆ್ಯಂಗಲ್ಲಿಗೆ ಸಿಮೆಂಟ್ ತಾಗಿದರೆ ತೊಂದರೆ ಇಲ್ಲ. ಉಳಿದ ಸಂದಿಗೆ ಬ್ರಷ್ ಪಟ್ಟಿ ಹಾಕಿ, ರಬ್ಬರಿಗಿಂತ ಅದು ಮೇಲು. ಬಾಗಿಲು ಮರದ್ದಾದರೆ ಕೆಳಗಿನ ಒಂದಡಿಗೆ ಎರಡೂ ಕಡೆ ಜಿಐ ತಗಡು ಹೊಡೆಯಿರಿ. ಶಟರ್ ಆದರೆ ಅದು ಜಾರುವ ಎರಡು ಪಕ್ಕದ ಹಳಿಯ ಬುಡ, ಮೇಲಿನ ಸುರುಳಿಯ ಪೆಟ್ಟಿಗೆ ನೋಡಿ. ಸುರುಳಿಯ ಮೇಲೆ ಒಂದು ಕೈ ಹೋಗುವಷ್ಟು ಜಾಗ ಇರುತ್ತದೆ, ಯಾರೂ ತಲೆ ಎತ್ತಿ ನೋಡಿರುವುದಿಲ್ಲ.

ಮಳೆ ಬರುವ ಹೊತ್ತಿಗೆ ಬಾಗಿಲು ಹತ್ತು ನಿಮಿಷ ತೆರೆದಿಟ್ಟು ಹೋದರೆ ಇಷ್ಟೆಲ್ಲ ಮಾಡಿದ್ದು ನೀರಲ್ಲಿ ಹೋಮ. ತಾನಾಗಿ ಮುಚ್ಚಿಕೊಳ್ಳುವ ಹಾಗೆ ಒಂದು ಸ್ಪ್ರಿಂಗ್ ಹಾಕಿಸಿ.

ವೈರು, ಪೈಪು, ಸ್ಟಾರ್ಟರ್ ಡಬ್ಬಿ

ಮೇನ್ ಆಫ್ ಮಾಡದೆ ಇಲ್ಲಿ ಕೈ ಇಡಬೇಡಿ. ಎಲೆಕ್ಟ್ರಿಷಿಯನ್ ಇದ್ದರೆ ಇನ್ನೂ ಒಳ್ಳೆಯದು. ವೈರು ಒಳಗೆ ಬರುವ ತೂತು ಯಾವಾಗಲೂ ವೈರಿಗಿಂತ ಎರಡು ಪಟ್ಟು ದೊಡ್ಡದಾಗಿರುತ್ತದೆ. ಅಂಗೈ ಅಗಲದ ಜಿಐ ತುಂಡಿಗೆ ಸರಿಯಾದ ತೂತು ಕೊರೆದು, ನಡುವೆ ಸೀಳಿ, ಪೈಪಿನ ಸುತ್ತ ಕಾಲರಿನ ಹಾಗೆ ಕೂರಿಸಿ ಸ್ಕ್ರೂ ಮಾಡಿ. ವೈರನ್ನು ಶೀಟಿನ ಬರಿ ಅಂಚಿಗೆ ತಾಗಲು ಬಿಡಬಾರದು, ರಬ್ಬರ್ ಬುಷ್ ಇರಲಿ. ಶೀಟಿನ ಅಂಚು ಚಾಕು, ಮೇಲಾಗಿ ಇಡೀ ಶೆಡ್ಡೇ ಲೋಹ. ವೈರಿನ ಸಿಪ್ಪೆ ಹೋದರೆ ಗೋಡೆಯೇ ಶಾಕ್ ಹೊಡೆಯುತ್ತದೆ. ಅರ್ಥಿಂಗ್ ಸರಿ ಇದೆಯಾ ಅಂತಲೂ ಅದೇ ಕೈಯಲ್ಲಿ ನೋಡಿಸಿ.

ಸ್ಟಾರ್ಟರ್ ಡಬ್ಬಿಯ ಕೆಳಗೆ ಕೇಬಲ್ ಹೋಗುವ ತೂತಿಗೆ ಗ್ಲ್ಯಾಂಡ್, ಅಂದರೆ ಕೇಬಲ್ಲಿನ ಸುತ್ತ ಬಿಗಿಯಾಗಿ ಕೂರುವ ಬಿರಡೆ, ಹಾಕಿಸಿ. ಇರುವೆ ಒಳಗೆ ಹೋಗಿ ಕಾಂಟ್ಯಾಕ್ಟ್ ಪಾಯಿಂಟಿನ ನಡುವೆ ಸುಟ್ಟು ಸಾಯುತ್ತವೆ, ಮೋಟರ್ ಎತ್ತುವುದಿಲ್ಲ. ಹಲ್ಲಿ ಹೋದರೆ ಇನ್ನೂ ದೊಡ್ಡ ಸದ್ದು.

ಹುಳುಗಳ ಲೆಕ್ಕ

ಇಲಿ ತಡೆದರೆ ಹಾವಿನ ತೊಂದರೆಯೂ ಕಡಿಮೆಯಾಗುತ್ತದೆ, ಹುಳು ಮಾತ್ರ ಬೇರೆ ಲೆಕ್ಕ. ಕನ್ನಡದಲ್ಲಿ ಕಣಜ ಅಂದರೆ ಧಾನ್ಯದ ಗೂಡೂ ಹೌದು, ಕಚ್ಚುವ ಹುಳುವೂ ಹೌದು. ತಗಡಿನ ಶೆಡ್ಡಿನಲ್ಲಿ ಎರಡೂ ಒಂದೇ ಕಡೆ ಸಿಗುತ್ತವೆ. ಸೂರಿನ ಅಲೆ ಮುಚ್ಚಿದರೆ ಕಣಜದ ಅರ್ಧ ತಾಣ ಹೋಯಿತು. ಉಳಿದದ್ದು ಆ್ಯಂಗಲ್ಲಿನ ಒಳಮೂಲೆ, ಚೌಕ ಪೈಪಿನ ತೆರೆದ ಬಾಯಿ. ಪೈಪಿನ ಬಾಯಿಗೆಲ್ಲ ಪ್ಲಾಸ್ಟಿಕ್ ಮುಚ್ಚಳ ಒತ್ತಿ.

ಗೆದ್ದಲು ಕಬ್ಬಿಣ ತಿನ್ನುವುದಿಲ್ಲ, ಆದರೆ ನೆಲದ ಬಿರುಕಿನಿಂದ ಬಂದು ಗೋಣಿಚೀಲ, ರಟ್ಟು, ಮರ ಎಲ್ಲ ತಿನ್ನುತ್ತದೆ. ಅದಕ್ಕೆ ಕಟ್ಟೆಯ ಹೊರಮೈ ಕನಿಷ್ಠ ಅರ್ಧ ಅಡಿಯಾದರೂ ಕಣ್ಣಿಗೆ ಕಾಣುವಂತಿರಲಿ, ಮಣ್ಣು ಏರಿಸಬೇಡಿ. ಮಣ್ಣಿನ ಗೆರೆ ಮೇಲೆ ಹತ್ತುತ್ತಿರುವುದು ಕಂಡರೆ ಆಗಲೇ ಗೊತ್ತಾಗುತ್ತದೆ. ಮೂಟೆ ಮರದ ಪಟ್ಟಿಯ ಮೇಲೆ, ಗೋಡೆಯಿಂದ ಒಂದಡಿ ದೂರ.

ಬಾಗಿಲ ನೆತ್ತಿಯ ಬಲ್ಬನ್ನು ಬೇರೆ ಕಂಬಕ್ಕೆ ಸಾಗಿಸಿ, ಬಿಳಿ ಬದಲು ಹಳದಿ ಎಲ್‌ಇಡಿ ಹಾಕಿ. ಹುಳು ಬರುವುದು ಕಡಿಮೆ, ಹುಳು ತಿನ್ನಲು ಹಲ್ಲಿ ಬರುವುದೂ ಕಡಿಮೆ.

ಗಾಳಿ ಮಾತ್ರ ಮುಚ್ಚಬೇಡಿ

ಉತ್ಸಾಹದಲ್ಲಿ ಎಲ್ಲ ಬಿಗಿದುಬಿಟ್ಟರೆ ಶೆಡ್ಡು ಇಡ್ಲಿ ಪಾತ್ರೆಯಾಗುತ್ತದೆ. ಹಗಲಿನ ಹಬೆ ರಾತ್ರಿ ತಣ್ಣಗಾದ ಶೀಟಿನ ಒಳಮೈಗೆ ಕೂತು ಬೆಳಗಿನ ಜಾವ ಮೂಟೆಯ ಮೇಲೆ ತೊಟ್ಟಿಕ್ಕುತ್ತದೆ. ರಾಗಿ ಮುಗ್ಗಲು ಹಿಡಿಯುತ್ತದೆ, ಕೊಬ್ಬರಿಗೆ ಬೂಸ್ಟು. ಎದುರು ಬದುರು ಗೋಡೆಗಳಲ್ಲಿ, ಒಂದು ಕೆಳಗೆ ಇನ್ನೊಂದು ಮೇಲೆ, ಒಂದಡಿ ಚೌಕದ ಕಿಂಡಿ ಬೇಕೇ ಬೇಕು. ಅದಕ್ಕೆ ಎರಡು ಪದರ. ಹೊರಗೆ ಕಾಲು ಇಂಚಿನ ಜಿಐ ಮೆಶ್, ಒಳಗೆ ಸೊಳ್ಳೆ ಬಾರದಂಥ ಸಣ್ಣ ಕಣ್ಣಿನ ಲೋಹದ ಜಾಲರಿ. ಒಳ ಜಾಲರಿಯನ್ನು ಬಿಚ್ಚಲು ಬರುವ ಹಾಗೆ ಕೂರಿಸಿ. ಎರಡು ತಿಂಗಳಿಗೆ ಧೂಳು, ಜೇಡರ ಬಲೆ ಕಟ್ಟಿ ಗಾಳಿ ನಿಂತುಹೋಗುತ್ತದೆ, ತೊಳೆಯಬೇಕು.

ಹೊರಗೆ ಒಂದು ಸುತ್ತು

ಶೆಡ್ಡಿಗೆ ನಾಲ್ಕೈದು ಅಡಿ ಹತ್ತಿರ ಬರುವ ಕೊಂಬೆ, ಗರಿ ಕತ್ತರಿಸಿ. ಇಲಿ ಅಷ್ಟು ದೂರ ಹಾರಬಲ್ಲದು. ಗೋಡೆಗೆ ಒರಗಿಸಿದ ಸೌದೆ, ಮಟ್ಟೆಯ ರಾಶಿ ತೆಗೆಯಿರಿ, ಅದು ಇಲಿಗೆ ಏಣಿಯೂ ಹೌದು ಮನೆಯೂ ಹೌದು. ಪಕ್ಕದಲ್ಲೇ ತೆಂಗಿನ ಮರ ಇದ್ದರೆ ಆಳೆತ್ತರದಲ್ಲಿ ಒಂದು ಅಡಿಗಿಂತ ಅಗಲದ ನುಣುಪು ಜಿಐ ತಗಡನ್ನು ಕಾಂಡಕ್ಕೆ ಸುತ್ತಿ, ಇಲಿಯ ಉಗುರು ಅದರ ಮೇಲೆ ಹಿಡಿಯುವುದಿಲ್ಲ. ಪಕ್ಕದ ಮರದ ಗರಿ ಈ ಮರಕ್ಕೆ ತಾಗುತ್ತಿದ್ದರೆ ಸುತ್ತಿದ್ದು ದಂಡ, ಅದನ್ನೂ ನೋಡಿ.

ಹಿಂಡಿ, ಬೂಸಾ, ಬೀಜ ಚೀಲದಲ್ಲಿ ಬೇಡ, ಮುಚ್ಚಳ ಇರುವ ಕಬ್ಬಿಣದ ಡ್ರಮ್ಮಿನಲ್ಲಿರಲಿ. ಒಳಗೆ ವಾಸನೆಯೇ ಇಲ್ಲದಿದ್ದರೆ ಹೊರಗಿನ ಇಲಿಗೂ ಪ್ರಯತ್ನ ಪಡುವ ಹುಮ್ಮಸ್ಸು ಇರುವುದಿಲ್ಲ.

ಕೆಲಸ ಮುಗಿದ ರಾತ್ರಿ ಮತ್ತೆ ರಂಗೋಲಿ ಪುಡಿ ಉದುರಿಸಿ. ಒಂದು ವಾರ ದಿನವೂ, ಆಮೇಲೆ ತಿಂಗಳಿಗೊಮ್ಮೆ, ದೊಡ್ಡ ಗಾಳಿಮಳೆಯಾದ ಮರುದಿನ ತಪ್ಪದೆ. ನನ್ನದರಲ್ಲಿ ಎಂಟು ತಿಂಗಳು ಪುಡಿಯ ಮೇಲೆ ಹಲ್ಲಿಯ ಗುರುತು ಬಿಟ್ಟು ಬೇರೇನೂ ಇರಲಿಲ್ಲ. ನಿನ್ನೆ ಬೆಳಗ್ಗೆ ಬಾಗಿಲ ಬಲ ಮೂಲೆಯಲ್ಲಿ ನಾಲ್ಕು ಪುಟ್ಟ ಹೆಜ್ಜೆ, ನಡುವೆ ಒಂದು ಗೆರೆ. ಬಗ್ಗಿ ನೋಡಿದರೆ ಬ್ರಷ್ ಪಟ್ಟಿಯ ತುದಿಯಲ್ಲಿ ಕೂದಲು ಉದುರಿದೆ. ಪೆನ್ಸಿಲ್ ಹಾಕಿದೆ, ಸಲೀಸಾಗಿ ಹೋಯಿತು. ಹೊಸ ಪಟ್ಟಿ ತರಲು ಈಗ ಪೇಟೆಗೆ ಹೊರಟಿದ್ದೇನೆ, ಬೋನಿಗೆ ಕೊಬ್ಬರಿ ಚೂರು ಸುಟ್ಟಿಟ್ಟಿದ್ದೇನೆ.